ನಮ್ಮ ತಾರಸಿಯ ಸೊಳ್ಳೆ ಜಿಬೂತಿಗೆ ಹೋದ ಮೇಲೆ

(ಮಂಗಳೂರಿನಲ್ಲಿ ಸಾರ್ವಜನಿಕರ ಮುಂದೆ ಮಾಡಿದ ಉಪನ್ಯಾಸವನ್ನು ಓದುಗರಿಗಾಗಿ ತಿದ್ದಿ ಬರೆದದ್ದು.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಎರಡು ಗಾಜಿನ ಬಾಟಲಿ ಇಟ್ಟಿದ್ದೇನೆ. ಎರಡರಲ್ಲಿಯೂ ಇರುವುದು ಇದೇ ಊರಿನ ನೀರು. ಒಂದನ್ನು ಮನೆಯೊಂದರ ಫ್ರಿಜ್ಜಿನ ಹಿಂದಿರುವ ತಟ್ಟೆಯಿಂದ ಬಗ್ಗಿಸಿಕೊಂಡು ಬಂದೆ. ಇನ್ನೊಂದು, ಕಟ್ಟಡ ಏಳುತ್ತಿರುವ ಜಾಗದಲ್ಲಿ, ಮೂರನೆಯ ಮಹಡಿಯ ತಾರಸಿಗೆ ನೀರು ಕಟ್ಟಿ ನಿಲ್ಲಿಸಿದ್ದರಲ್ಲ, ಅಲ್ಲಿಂದ ನಿನ್ನೆ ಬೆಳಿಗ್ಗೆ ಸೌಟಿನಲ್ಲಿ ಎತ್ತಿದ್ದು. ಹಿಂದೆ ಕುಳಿತವರಿಗೆ ಬರೀ ನೀರಿನಂತೆ ಕಾಣುತ್ತದೆ. ಮುಂದಿನ ಸಾಲಿನವರಿಗೆ ಸಣ್ಣ ಹುಳಗಳು ಕಾಣುತ್ತಿರಬೇಕು.

ಮೊದಲ ಬಾಟಲಿಯ ಹುಳಗಳು ತಲೆಕೆಳಗಾಗಿ ನೇತಾಡುತ್ತಿವೆ. ಬಾಲದ ತುದಿಯಲ್ಲಿ ಒಂದು ಚಿಕ್ಕ ಕೊಳವೆ ಇದೆ. ಅದನ್ನು ನೀರಿನ ಮೇಲ್ಮೈಗೆ ತಾಗಿಸಿ ಉಸಿರಾಡುತ್ತವೆ. ಬಾಟಲಿಯ ಮೇಲೆ ನನ್ನ ಕೈಯ ನೆರಳು ಬಿದ್ದೊಡನೆ ಕೊಂಕುತ್ತ ತಳಕ್ಕೆ ಇಳಿದುಬಿಡುತ್ತವೆ. ಎರಡನೆಯ ಬಾಟಲಿಯವು ಹಾಗಲ್ಲ. ಅವಕ್ಕೆ ಕೊಳವೆಯೇ ಇಲ್ಲ. ಒಣಗಿದ ಹುಲ್ಲಿನ ಎಸಳು ತೇಲಿದಂತೆ ನೀರಿನ ಮೈಗೆ ಅಂಟಿಕೊಂಡು ಅಡ್ಡಲಾಗಿ ಮಲಗಿವೆ. ಭೂತಗನ್ನಡಿ ಹಿಡಿದು ನೋಡಿದರೆ ಇನ್ನೊಂದು ವಿಚಿತ್ರ ಕಾಣುತ್ತದೆ: ಮೈ ಬೋರಲಾಗಿ ಇರುವಾಗಲೇ ತಲೆಯನ್ನು ಮಾತ್ರ ಪೂರ್ತಿ ಮೇಲುಕೆಳಗಾಗಿ ತಿರುಗಿಸಿ, ಬಾಯಿಯ ಕುಂಚಗಳಿಂದ ನೀರಿನ ಮೇಲ್ಮೈಯನ್ನು ಗುಡಿಸಿ ತಿನ್ನುತ್ತಿರುತ್ತದೆ. ಎಷ್ಟು ವರ್ಷ ನೋಡಿದರೂ ನನಗೆ ಈ ದೃಶ್ಯ ಹಳೆಯದಾಗಿಲ್ಲ.

ಮೊದಲನೆಯದು ಈಡಿಸ್ ಈಜಿಪ್ಟೈ. ಡೆಂಗಿ, ಚಿಕೂನ್‌ಗುನ್ಯ ಹರಡುವಂಥದ್ದು. ಎರಡನೆಯದು ಅನಾಫಿಲಿಸ್ ಸ್ಟೀಫನ್ಸೈ, ನಮ್ಮ ನಗರಗಳ ಮಲೇರಿಯಾ ಸೊಳ್ಳೆ. ಇವೆರಡರಲ್ಲಿ ಹೊರಗಿನಿಂದ ಬಂದದ್ದು ಯಾವುದು ಎಂದು ಕೇಳಿದರೆ ಉತ್ತರ ಸುಲಭ. ಈಡಿಸ್ ಈಜಿಪ್ಟೈಯ ಮೂಲ ಆಫ್ರಿಕಾ. ಹಡಗಿನ ನೀರಿನ ಪೀಪಾಯಿಗಳಲ್ಲಿ ಲೋಕ ಸುತ್ತಿ ನಮ್ಮ ಬಂದರುಗಳಲ್ಲಿ ಇಳಿದು ಮನೆಯೊಳಗೆ ಸೇರಿಕೊಂಡಿತು. ಸ್ಟೀಫನ್ಸೈ ನಮ್ಮ ಮಣ್ಣಿನದೇ. 1901ರಲ್ಲಿ ಲಿಸ್ಟನ್ ಎಂಬ ವೈದ್ಯ ಅದನ್ನು ವಿಜ್ಞಾನದ ದಾಖಲೆಗೆ ಸೇರಿಸಿದ್ದು ಭಾರತದಲ್ಲಿ ಸಿಕ್ಕ ಸೊಳ್ಳೆಗಳಿಂದ. ಆದರೆ ಇಂದು ‘ಆಕ್ರಮಣಕಾರಿ ಸೊಳ್ಳೆ’ ಎಂದು ಜಗತ್ತಿನ ಮಲೇರಿಯಾ ತಜ್ಞರು ಆತಂಕದಿಂದ ಹೇಳುವುದು ಈ ಎರಡನೆಯ ಬಾಟಲಿಯಲ್ಲಿರುವುದನ್ನೇ. ಆಫ್ರಿಕಾದ ಸೊಳ್ಳೆ ಇಲ್ಲಿಗೆ ಬಂತು. ಈಗ ಇಲ್ಲಿಯದು ಅಲ್ಲಿಗೆ ಹೋಗಿದೆ.

ಜಿಬೂತಿ ಎಂಬ ಪುಟ್ಟ ದೇಶ ಕೆಂಪು ಸಮುದ್ರದ ಬಾಯಿಯಲ್ಲಿದೆ. ಬಿಸಿಲಿನ ನಾಡು, ಮಳೆ ಕಡಿಮೆ. ಅಲ್ಲಿ ಮಲೇರಿಯಾ ಮುಗಿಯುವ ಹಂತಕ್ಕೆ ಬಂದಿತ್ತು. 2012ರಲ್ಲಿ ಇಡೀ ದೇಶದಲ್ಲಿ ವರದಿಯಾದ ಪ್ರಕರಣಗಳು 27. ಅದೇ ವರ್ಷ ಜಿಬೂತಿ ನಗರದಲ್ಲಿ ಸ್ಟೀಫನ್ಸೈ ಸಿಕ್ಕಿತು. ಆಫ್ರಿಕಾ ಖಂಡದಲ್ಲಿ ಅದೇ ಮೊದಲು. ಎಂಟು ವರ್ಷ ಕಳೆದು 2020 ಬರುವಷ್ಟರಲ್ಲಿ ಒಂದು ವರ್ಷದ ಪ್ರಕರಣಗಳು 73,000 ದಾಟಿದ್ದವು. ಹತ್ತು ಲಕ್ಷದ ಆಸುಪಾಸಿನ ಜನಸಂಖ್ಯೆಯ ದೇಶದಲ್ಲಿ! ಏರಿಕೆಯೆಲ್ಲ ಈ ಒಂದೇ ಸೊಳ್ಳೆಯಿಂದ ಎಂದು ನಾನು ಹೇಳುವುದಿಲ್ಲ. ಆದರೆ ಅದು ಬಂದು ಕುಳಿತದ್ದಕ್ಕೂ ಜ್ವರ ಏರಿದ್ದಕ್ಕೂ ಕಾಲ ತಾಳೆಯಾಗುವುದನ್ನು ಯಾರೂ ಕಡೆಗಣಿಸಲಾರರು.

ಆಮೇಲೆ ಒಂದೊಂದಾಗಿ ಹೆಸರುಗಳು ಸೇರುತ್ತ ಹೋದವು. ಇಥಿಯೋಪಿಯಾ, ಸುಡಾನ್, ಸೊಮಾಲಿಯಾ, ನೈಜೀರಿಯಾ, ಕೀನ್ಯಾ, ಘಾನಾ. ಕೆಂಪು ಸಮುದ್ರದ ಈಚೆ ದಡದ ಯೆಮನ್ ಕೂಡ. 2022ರ ಸೆಪ್ಟೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಫ್ರಿಕಾದಲ್ಲಿ ಈ ಒಂದು ಸೊಳ್ಳೆಯನ್ನು ತಡೆಯುವುದಕ್ಕೆಂದೇ ಬೇರೆ ಕಾರ್ಯಕ್ರಮ ಶುರುಮಾಡಬೇಕಾಯಿತು.

ಆಫ್ರಿಕಾದಲ್ಲಿ ಮಲೇರಿಯಾ ಮೊದಲೇ ಇತ್ತಲ್ಲ, ಇನ್ನೊಂದು ಸೊಳ್ಳೆ ಸೇರಿದರೆ ಏನಾಯಿತು ಎಂದು ನಿಮಗೆ ಅನ್ನಿಸಬಹುದು. ಅಲ್ಲಿಯ ಹಳೆಯ ಮಲೇರಿಯಾ ಸೊಳ್ಳೆಗಳು ಮುಖ್ಯವಾಗಿ ಹಳ್ಳಿಯವು, ಮಳೆಗಾಲದವು. ಬಿಸಿಲು ಬೀಳುವ ಹೊಂಡ, ದನದ ಗೊರಸಿನ ಗುಳಿ, ಗದ್ದೆಯಂಚು ಇಂಥ ಕಡೆ ಮೊಟ್ಟೆ ಇಡುತ್ತವೆ. ಪೇಟೆಯ ಕೊಳಕಿನಲ್ಲಿ ಅವಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಅದಕ್ಕಾಗಿಯೇ ಅಲ್ಲಿ ಪೇಟೆ ಸೇರಿದವರಿಗೆ ಮಲೇರಿಯಾ ಕಾಟ ಕಡಿಮೆ ಎಂಬ ನೆಮ್ಮದಿ ಇತ್ತು. ನಮ್ಮ ಸ್ಟೀಫನ್ಸೈ ಆ ನೆಮ್ಮದಿಯನ್ನು ಕಿತ್ತುಕೊಂಡಿತು. ಅದಕ್ಕೆ ಬೇಕಾದದ್ದು ಮನುಷ್ಯ ಕೂಡಿಟ್ಟ ನೀರು: ಬಾವಿ, ಸಂಪು, ಸಿಮೆಂಟು ತೊಟ್ಟಿ, ಮುಚ್ಚಳ ಸರಿಯಿಲ್ಲದ ಸಿಂಟೆಕ್ಸ್, ಡ್ರಮ್ಮು. ಮಳೆ ಬಂದರೂ ಬಾರದಿದ್ದರೂ ಅದಕ್ಕೆ ನೀರುಂಟು. ನಲ್ಲಿ ಮೂರು ದಿನಕ್ಕೊಮ್ಮೆ ಬರುವ ಊರಿನಲ್ಲಿ ಜನ ಹೆಚ್ಚು ನೀರು ತುಂಬಿಡುತ್ತಾರೆ. ಹಾಗಾಗಿ ಬರಗಾಲದಲ್ಲಿಯೂ ಅದರ ಸಂತಾನ ಬೆಳೆಯುತ್ತದೆ. ಈ ಸೊಳ್ಳೆ ಖಂಡದಲ್ಲಿ ಪೂರ್ತಿ ಹರಡಿಕೊಂಡರೆ ಇನ್ನೂ 12 ಕೋಟಿ 60 ಲಕ್ಷ ನಗರವಾಸಿಗಳು ಮಲೇರಿಯಾ ಅಪಾಯದ ಅಂಚಿಗೆ ಬರುತ್ತಾರೆ ಎಂದು 2020ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳಿತು.

ಅದು ಬರೀ ಅಂದಾಜಾಗಿ ಉಳಿಯಲಿಲ್ಲ. ಜಿಬೂತಿಯಿಂದ ಅಡಿಸ್ ಅಬಾಬಾಕ್ಕೆ ಹೋಗುವ ರೈಲು ದಾರಿಯಲ್ಲಿ ಡಿರೆ ಡಾವಾ ಎಂಬ ಇಥಿಯೋಪಿಯಾದ ನಗರವಿದೆ. 2022ರ ಮೊದಲ ತಿಂಗಳುಗಳಲ್ಲಿ, ಮಲೇರಿಯಾ ಇರಬಾರದ ಒಣ ಕಾಲದಲ್ಲಿ, ಅಲ್ಲಿ ಜ್ವರ ಎದ್ದಿತು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಹಾಸಿಗೆ ಹಿಡಿದರು. ಸಂಶೋಧಕರು ಮನೆಗಳ ಸುತ್ತ ಹುಡುಕಿದಾಗ ಸಿಕ್ಕ ಅನಾಫಿಲಿಸ್‌ಗಳಲ್ಲಿ ಬಹುಪಾಲು ಸ್ಟೀಫನ್ಸೈ. ಅದು ಇದ್ದ ಮನೆಗಳ ಹತ್ತಿರವೇ ರೋಗಿಗಳೂ ಹೆಚ್ಚು.

ಇಷ್ಟು ದೊಡ್ಡ ವಿಷಯ ಅಷ್ಟು ದಿನ ಯಾರ ಕಣ್ಣಿಗೂ ಬೀಳಲಿಲ್ಲವೇ? ಈ ಪ್ರಶ್ನೆಯೇ ನನ್ನನ್ನು ಇಂದು ಇಲ್ಲಿಗೆ ಕರೆತಂದದ್ದು.

ಸೊಳ್ಳೆ ಗುರುತಿಸುವವರು ಮೈಕ್ರೊಸ್ಕೋಪಿನ ಪಕ್ಕದಲ್ಲಿ ಒಂದು ಕೈಪಿಡಿ ಇಟ್ಟುಕೊಂಡಿರುತ್ತಾರೆ. ರೆಕ್ಕೆಯ ಮೇಲೆ ಚುಕ್ಕೆ ಇದೆಯೇ, ಕಾಲಿನ ಗಂಟಿನಲ್ಲಿ ಬಿಳಿ ಪಟ್ಟಿ ಇದೆಯೇ, ಹೀಗೆ ಪ್ರಶ್ನೆಯಿಂದ ಪ್ರಶ್ನೆಗೆ ಹೋಗುತ್ತ ಕೊನೆಗೆ ಒಂದು ಹೆಸರಿಗೆ ತಲುಪಬೇಕು. ಆಫ್ರಿಕಾದಲ್ಲಿ ದಶಕಗಳಿಂದ ಬಳಕೆಯಲ್ಲಿದ್ದ ಕೈಪಿಡಿ ಆ ಖಂಡದ ಅನಾಫಿಲಿಸ್‌ಗಳಿಗಾಗಿ ಬರೆದದ್ದು. ಅದರಲ್ಲಿ ಸ್ಟೀಫನ್ಸೈ ಇರಲೇ ಇಲ್ಲ. ಇಲ್ಲದ ಹೆಸರಿಗೆ ಯಾರೂ ತಲುಪಲಾರರು. ಆ ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರಿಸುತ್ತ ಹೋದರೆ ನಮ್ಮ ಸೊಳ್ಳೆ ಅಲ್ಲಿಯ ಹಳೆಯ ಮಲೇರಿಯಾ ಸೊಳ್ಳೆಗಳಾದ ಗ್ಯಾಂಬಿಯೆ ಗುಂಪಿನ ಖಾತೆಗೆ ಜಮೆಯಾಗುವ ಸಾಧ್ಯತೆ ಇತ್ತು. 2016ರಲ್ಲಿ ಇಥಿಯೋಪಿಯಾದ ಕೆಬ್ರಿ ದೆಹಾರ್‌ನಲ್ಲಿ ಹಿಡಿದ ಸೊಳ್ಳೆಗಳ ಡಿಎನ್‌ಎ ಓದಿ ಇದು ಸ್ಟೀಫನ್ಸೈಯೇ ಎಂದು ಖಚಿತಪಡಿಸಿದ ವರದಿ ಹೊರಬಂದದ್ದು 2018ರಲ್ಲಿ. ಸ್ಟೀಫನ್ಸೈಯನ್ನೂ ಸೇರಿಸಿದ ಹೊಸ ಕೈಪಿಡಿ ಬಂದದ್ದು 2020ರಲ್ಲಿ.

ಕಣ್ಗಾವಲು ಎಂದರೆ ನಮ್ಮಲ್ಲಿ ಹಲವರು ಯಂತ್ರ, ಬಲೆ, ನಕ್ಷೆ ಎಂದುಕೊಳ್ಳುತ್ತಾರೆ. ಅವೆಲ್ಲ ಬೇಕು. ಆದರೆ ಎಲ್ಲಕ್ಕಿಂತ ಮೊದಲು ಬೇಕಾದದ್ದು, ಪಟ್ಟಿಯಲ್ಲಿಲ್ಲದ್ದು ಎದುರಿಗೆ ಬಂದಾಗ ‘ಇದು ನಾನು ದಿನಾ ನೋಡುವಂಥದ್ದಲ್ಲ’ ಎಂದು ಕೈ ತಡೆಯುವ ಮನುಷ್ಯ. ಅಂಥ ಒಬ್ಬನ ಕಥೆ ಹೇಳುತ್ತೇನೆ. ಈ ವೃತ್ತಿಗೆ ಬಂದ ಎಲ್ಲರೂ ತಿಳಿದಿರಬೇಕಾದ ಕಥೆ ಅದು.

1930ರ ಮಾರ್ಚ್ 23, ಭಾನುವಾರ. ಬ್ರೆಜಿಲ್‌ನ ಈಶಾನ್ಯ ಮೂಲೆಯ ನಟಾಲ್ ನಗರ. ರೇಮಂಡ್ ಶಾನನ್ ಎಂಬ ಕೀಟತಜ್ಞ, ರಾಕ್‌ಫೆಲ್ಲರ್ ಪ್ರತಿಷ್ಠಾನದ ಕೆಲಸದಲ್ಲಿದ್ದವನು, ಊರ ಹೊರಗಿನ ನೀರು ನಿಂತ ಹುಲ್ಲುಗಾವಲಿನಲ್ಲಿ ಅನಾಫಿಲಿಸ್ ಮರಿಹುಳಗಳನ್ನು ಕಂಡ. ಪರೀಕ್ಷಿಸಿದರೆ ಅದು ಅನಾಫಿಲಿಸ್ ಗ್ಯಾಂಬಿಯೆ ಗುಂಪಿನದು, ಆಫ್ರಿಕಾದ ಅತ್ಯಂತ ಕ್ರೂರ ಮಲೇರಿಯಾ ಸೊಳ್ಳೆ. ಅಟ್ಲಾಂಟಿಕ್ ಸಾಗರದ ಆಚೆ ದಡದ ಡಕಾರ್‌ನಿಂದ ನಟಾಲ್‌ಗೆ ಫ್ರೆಂಚರ ವೇಗದ ಅಂಚೆ ಹಡಗುಗಳು ನಾಲ್ಕು ದಿನಗಳ ಒಳಗೆ ಬಂದು ಮುಟ್ಟುತ್ತಿದ್ದವು. ಅಷ್ಟು ದಿನ ಬದುಕಿರುವುದು ಸೊಳ್ಳೆಗೆ ಕಷ್ಟವಲ್ಲ.

ಶಾನನ್ ಕಂಡದ್ದನ್ನು ಅಂದೇ ಗಂಭೀರವಾಗಿ ತೆಗೆದುಕೊಂಡಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಕಟ್ಟೆ ಒಡೆದು ಆ ಹುಲ್ಲುಗಾವಲಿಗೆ ಸಮುದ್ರದ ಉಪ್ಪುನೀರು ಹಾಯಿಸಬೇಕೆಂಬ ಸಲಹೆ ಬಂತು, ನಡೆಯಲಿಲ್ಲ. ನಟಾಲ್‌ನಲ್ಲಿ ಮಲೇರಿಯಾ ಎದ್ದ ಮೇಲೆ ಊರಿನೊಳಗೆ ಕೆಲಸ ನಡೆಯಿತು, ಊರು ತಣ್ಣಗಾಯಿತು, ಎಲ್ಲರೂ ಮರೆತರು. ಸೊಳ್ಳೆ ಮಾತ್ರ ಕರಾವಳಿ ಹಿಡಿದು, ನದಿಯ ಕಣಿವೆಗಳನ್ನು ಹಿಡಿದು ಒಳನಾಡಿಗೆ ಸದ್ದಿಲ್ಲದೆ ಹೋಯಿತು. ಎಂಟು ವರ್ಷದ ನಂತರ, 1938ರಲ್ಲಿ, ಸಿಯಾರಾ ಪ್ರಾಂತ್ಯದ ಜಾಗ್ವರಿಬೆ ಕಣಿವೆಯಲ್ಲಿ ಜನ ಸಾವಿರಗಟ್ಟಲೆ ಸತ್ತರು. ಬೆಳೆ ಕೊಯ್ಯುವವರಿಲ್ಲದೆ ಹೊಲದಲ್ಲೇ ಉಳಿಯಿತು.

ಆಮೇಲೆ ನಡೆದದ್ದು ಈ ವೃತ್ತಿಯ ಅತಿ ದೊಡ್ಡ ಸಾಹಸ. 1939ರಲ್ಲಿ ಬ್ರೆಜಿಲ್ ಸರ್ಕಾರ ಇದಕ್ಕೆಂದೇ ಒಂದು ಸೇವಾದಳ ಕಟ್ಟಿತು. ಫ್ರೆಡ್ ಸೋಪರ್ ಮುಂದಾಳತ್ವ. ಸಾವಿರಾರು ಜನ ನೌಕರರು. ಒಬ್ಬೊಬ್ಬರಿಗೂ ಒಂದೊಂದು ತುಣುಕು ನೆಲ, ಅದರೊಳಗಿನ ಪ್ರತಿ ನೀರಿನ ಗುಂಡಿಗೂ ಅವರೇ ಹೊಣೆ. ಡಿಡಿಟಿ ಇನ್ನೂ ಬಂದಿರಲಿಲ್ಲ. ಪ್ಯಾರಿಸ್ ಗ್ರೀನ್ ಎಂಬ ಪಾಷಾಣದ ಪುಡಿ, ಮನೆಯೊಳಗೆ ಸೇವಂತಿಗೆಯ ಬಂಧು ಪೈರೆತ್ರಮ್ ಹೂವಿನಿಂದ ತೆಗೆದ ಔಷಧ, ರಸ್ತೆಯಲ್ಲಿ ಪ್ರತಿ ವಾಹನದ ತಪಾಸಣೆ, ಇಷ್ಟೇ ಆಯುಧ. 1940 ಮುಗಿಯುವ ಹೊತ್ತಿಗೆ ಬ್ರೆಜಿಲ್‌ನಲ್ಲಿ ಆ ಸೊಳ್ಳೆಯ ಒಂದು ಮರಿಹುಳವೂ ಉಳಿಯಲಿಲ್ಲ. ಹೊರಗಿನಿಂದ ಬಂದು ಬೇರೂರಿದ ಸೊಳ್ಳೆಯನ್ನು ಒಂದು ಇಡೀ ಪ್ರದೇಶದಿಂದ ನಿರ್ಮೂಲ ಮಾಡಲು ಸಾಧ್ಯ ಎಂದು ಅಲ್ಲಿ ಸಾಬೀತಾಯಿತು. ಆದರೆ ನನ್ನ ಮನಸ್ಸು ಪ್ರತಿಸಲ ಹೋಗಿ ನಿಲ್ಲುವುದು ನಡುವಿನ ಎಂಟು ವರ್ಷಗಳಲ್ಲಿ. ನೋಡಬೇಕಾದವನು ನೋಡಿಯೇ ಇದ್ದ. ಅವನ ವರದಿ ಕಾಗದದಲ್ಲಿ ಉಳಿಯಿತು. ಜಿಬೂತಿಯಲ್ಲಿಯೂ 2012ರಿಂದ 2020ರವರೆಗೆ ಸರಿಯಾಗಿ ಎಂಟು ವರ್ಷ!

ಈಗ ಆ ತಾರಸಿಗೆ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ.

ಬೆಳಗಿನ ಎಂಟು ಗಂಟೆ. ಕಾಂಕ್ರೀಟು ಹಾಕಿ ಐದಾರು ದಿನವಾಗಿದೆ. ಗಾರೆ ಬಿರುಕು ಬಿಡಬಾರದೆಂದು ಸುತ್ತ ಮಣ್ಣಿನ ಬದು ಕಟ್ಟಿ, ಚೌಕ ಚೌಕವಾಗಿ ಗೇಣುದ್ದಕ್ಕಿಂತ ಕಡಿಮೆ ಆಳದ ನೀರು ನಿಲ್ಲಿಸಿದ್ದಾರೆ. ಕ್ಯೂರಿಂಗ್ ಎನ್ನುತ್ತೇವಲ್ಲ, ಅದು. ನೀರು ತಿಳಿಯಾಗಿದೆ, ಬಿಸಿಲು ಬೀಳುತ್ತಿದೆ, ಮೀನು ಇಲ್ಲ, ಕಪ್ಪೆ ಇಲ್ಲ. ಸ್ಟೀಫನ್ಸೈಗೆ ಇದಕ್ಕಿಂತ ಒಳ್ಳೆಯ ಹೆರಿಗೆಮನೆ ಬೇಕೇ? ಕೆಲಸಕ್ಕೆ ಹೋಗುವಾಗ ಸೂರ್ಯ ಬೆನ್ನಿಗೆ ಇರಬಾರದು, ನೆರಳು ನೀರಿನ ಮೇಲೆ ಬಿದ್ದರೆ ಹುಳಗಳು ಮುಳುಗಿಬಿಡುತ್ತವೆ. ಬಿಳಿಯ ಸೌಟನ್ನು ಓರೆ ಮಾಡಿ, ಅಂಚಿನ ಹತ್ತಿರ, ಸದ್ದು ಮಾಡದೆ ಇಳಿಸಬೇಕು. ನೀರು ತಾನಾಗಿ ಒಳಗೆ ಹರಿದು ಬರಬೇಕು. ಎತ್ತಿದ ಕೂಡಲೇ ಏನೂ ಕಾಣುವುದಿಲ್ಲ. ಉಸಿರು ಹಿಡಿದು ಒಂದು ನಿಮಿಷ ಕಾಯಬೇಕು. ಆಗ ಬಿಳಿ ತಳದ ಮೇಲೆ ಒಂದು ಗೀರು ಚಲಿಸುತ್ತದೆ, ಇನ್ನೊಂದು, ಮತ್ತೊಂದು.

ನಿನ್ನೆ ಆ ಜಾಗದ ಕಾವಲುಗಾರ, ಬಾಗಲಕೋಟೆ ಕಡೆಯವರು, ನನ್ನ ಹಿಂದೆಯೇ ನಿಂತು ನೋಡುತ್ತಿದ್ದರು. ‘ಇದು ನೀರಿನ ಕಸ ಅಲ್ಲವೇ ಸರ್?’ ಎಂದು ಕೇಳಿದರು. ಭೂತಗನ್ನಡಿ ಅವರ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿದರು. ಆಮೇಲೆ, ‘ನನ್ನ ಮಗಳಿಗೆ ಹೋದ ತಿಂಗಳು ಚಳಿಜ್ವರ ಬಂದಿತ್ತು’ ಎಂದಷ್ಟೇ ಹೇಳಿ ಪೊರಕೆ ತೆಗೆದುಕೊಂಡು ಬಂದು ಒಂದು ಬದುವನ್ನು ಒಡೆದರು. ಅವರ ಶೆಡ್ಡು ಆ ಕಟ್ಟಡದ ನೆಲಮಾಳಿಗೆಯಲ್ಲಿಯೇ ಇತ್ತು.

ಕೆಲಸದ ಕ್ರಮವನ್ನು ಬೇಗ ಹೇಳಿ ಮುಗಿಸುತ್ತೇನೆ. ಈಡಿಸ್ ಲಾರ್ವಾ, ಎಂದರೆ ಮರಿಹುಳಗಳ, ಸಮೀಕ್ಷೆಯಲ್ಲಿ ನೂರು ಮನೆಗಳಲ್ಲಿ ಎಷ್ಟು ಮನೆಯಲ್ಲಿ ಮರಿಹುಳ ಸಿಕ್ಕಿತು, ನೂರು ಮನೆಗಳಿಗೆ ಹುಳವಿರುವ ಪಾತ್ರೆ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಎರಡನೆಯದಕ್ಕೆ ಬ್ರೆಟೊ ಸೂಚ್ಯಂಕ ಎಂದು ಹೆಸರು. ಈ ಲೆಕ್ಕದಲ್ಲಿ ಬಾಟಲಿ ಮುಚ್ಚಳದ ಮೂರು ಹುಳವೂ ಡ್ರಮ್ಮಿನ ಸಾವಿರ ಹುಳವೂ ಒಂದೇ ಆಗಿಬಿಡುತ್ತವೆ ಎಂಬ ದೋಷವಿದೆ. ಹಾಗಾಗಿ ಹಾರಲು ಸಿದ್ಧವಾದ ಪ್ಯೂಪಾಗಳನ್ನು ಎಣಿಸುವುದು ಇನ್ನೂ ಉತ್ತಮ. ಕಪ್ಪು ಲೋಟದಲ್ಲಿ ನೀರು ಹಾಕಿ ಒಂದು ಮರದ ಚಕ್ಕೆ ಇಟ್ಟರೆ ಈಡಿಸ್ ಬಂದು ಚಕ್ಕೆಯ ಮೇಲೆ ಮೊಟ್ಟೆ ಇಡುತ್ತದೆ. ಆದರೆ ಸ್ಟೀಫನ್ಸೈಗೆ ಈ ಲೋಟ ನಡೆಯುವುದಿಲ್ಲ, ಅದು ಬಿಡಿಬಿಡಿಯಾಗಿ ನೀರಿನ ಮೇಲೆಯೇ ಮೊಟ್ಟೆ ತೇಲಿಬಿಡುತ್ತದೆ. ಮಲೇರಿಯಾ ಸೊಳ್ಳೆ ಹಿಡಿಯಲು ಎಲ್ಲ ಕಡೆ ಬಳಸುವ ಬೆಳಕಿನ ಬಲೆಗೂ ಅದು ಸುಲಭವಾಗಿ ಬೀಳುವುದಿಲ್ಲ. ಆಫ್ರಿಕಾದ ತಂಡಗಳು ಇದನ್ನು ಕಷ್ಟಪಟ್ಟು ಕಲಿತವು: ಬಲೆ ಖಾಲಿ ಇದ್ದ ಊರಿನಲ್ಲಿ ನೀರಿನ ತೊಟ್ಟಿ ತುಂಬ ಹುಳ. ಅದಕ್ಕಾಗಿಯೇ ಸ್ಟೀಫನ್ಸೈ ಹುಡುಕುವಾಗ ಮೊದಲು ನೀರು ನೋಡಿ ಎಂಬುದು ಈಗ ಎಲ್ಲೆಡೆ ಒಪ್ಪಿತವಾಗಿದೆ. ಡೆಂಗಿ ಸೊಳ್ಳೆಯೂ ಮಲೇರಿಯಾ ಸೊಳ್ಳೆಯೂ ಒಂದೇ ಡ್ರಮ್ಮಿನಲ್ಲಿ ಇರುವಾಗ ಎರಡಕ್ಕೂ ಬೇರೆ ಬೇರೆ ತಂಡ, ಬೇರೆ ಬೇರೆ ಪುಸ್ತಕ ಇಡುವುದು ಶ್ರಮದ ದಂಡ ಎಂಬುದೂ ಅಲ್ಲಿಂದ ಬಂದ ಪಾಠವೇ.

ಹೊಗೆಯ ಬಗ್ಗೆ ಒಂದು ಮಾತು. ಜ್ವರ ಹೆಚ್ಚಿದಾಗ ಜನ ಮೊದಲು ಕೇಳುವುದು ಫಾಗಿಂಗ್. ಗಾಡಿ ಬಂದು ಬೀದಿ ತುಂಬ ಹೊಗೆ ಬಿಟ್ಟರೆ ಏನೋ ಆಯಿತು ಎಂಬ ಸಮಾಧಾನ. ರೋಗಿ ಇದ್ದ ಮನೆಯ ಸುತ್ತ, ಸರಿಯಾದ ಹೊತ್ತಿನಲ್ಲಿ ಬಿಟ್ಟರೆ ಅದಕ್ಕೂ ಉಪಯೋಗವಿದೆ, ಇಲ್ಲವೆನ್ನುವುದಿಲ್ಲ. ಆದರೆ ಅದು ತಾಗುವುದು ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆಗೆ ಮಾತ್ರ. ಸಂಪಿನಲ್ಲಿರುವುದು ನಾಳೆ ಏಳುತ್ತದೆ. ಹೊಗೆಯಿಂದ ನಮಗೆ ಯಾವ ಮಾಹಿತಿಯೂ ಸಿಗುವುದಿಲ್ಲ. ಯಾವ ಸೊಳ್ಳೆ, ಎಲ್ಲಿಂದ, ಎಷ್ಟು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸೌಟಿನಲ್ಲಿ ಮಾತ್ರ ಬರುತ್ತದೆ. ಈ ಮಾತನ್ನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ನಮ್ಮ ನಾಡಿಗೆ ಈ ವಿದ್ಯೆ ಹೊಸದಲ್ಲ. 1883ರಲ್ಲಿ ರೊನಾಲ್ಡ್ ರಾಸ್ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ. ತನ್ನ ಬಂಗಲೆಯಲ್ಲಿ ಸೊಳ್ಳೆ ಯಾಕೆ ಇಷ್ಟು ಎಂದು ನೋಡಿದರೆ ಕಿಟಕಿಯ ಹೊರಗೆ ಒಂದು ನೀರಿನ ತೊಟ್ಟಿ, ಅದರ ತುಂಬ ಹುಳ. ತೊಟ್ಟಿಯನ್ನು ಬೋರಲು ಹಾಕಿದ, ಕಾಟ ಕಡಿಮೆಯಾಯಿತು. ಮಲೇರಿಯಾಕ್ಕೂ ಸೊಳ್ಳೆಗೂ ಸಂಬಂಧ ಇದೆಯೆಂದು ಆಗ ಅವನಿಗೂ ತಿಳಿಯದು. ಹದಿನಾಲ್ಕು ವರ್ಷದ ಬಳಿಕ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಜೀವಿಯನ್ನು ಕಂಡವನು ಅವನೇ.

ಇನ್ನೊಂದು ಸಂಗತಿ ನನಗೆ ಹೆಚ್ಚು ಪ್ರಿಯವಾದದ್ದು. ಸ್ಟೀಫನ್ಸೈಯ ಮೊಟ್ಟೆ ದೋಣಿಯ ಆಕಾರದಲ್ಲಿದೆ. ಎರಡೂ ಪಕ್ಕಕ್ಕೆ ಗಾಳಿ ತುಂಬಿದ ತೇಲುಬುರುಡೆಗಳು, ಅವುಗಳ ಮೇಲೆ ಸಾಲಾಗಿ ಏಣುಗಳು. 1930ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ ಸ್ವೀಟ್ ಮತ್ತು ಬಿ.ಎ. ರಾವ್ ಎಂಬ ಮಲೇರಿಯಾ ಸಂಶೋಧಕರು ಈ ಏಣುಗಳನ್ನು ಎಣಿಸುತ್ತ ಕುಳಿತರು. ಕೆಲವು ಸೊಳ್ಳೆಗಳ ಮೊಟ್ಟೆಯಲ್ಲಿ ಏಣು ಹೆಚ್ಚು, ಕೆಲವದರಲ್ಲಿ ಕಡಿಮೆ. ಏಣು ಕಡಿಮೆ ಇರುವ ಬಗೆಯನ್ನು 1937ರಲ್ಲಿ ಅವರು ‘ಮೈಸೊರೆನ್ಸಿಸ್’ ಎಂದು ಕರೆದರು. ನಮ್ಮ ಮೈಸೂರಿನ ಹೆಸರು. ಇದು ಹೆಚ್ಚಾಗಿ ಹಳ್ಳಿಯದು, ದನದ ರಕ್ತ ಇಷ್ಟಪಡುವಂಥದ್ದು, ಮಲೇರಿಯಾ ಹರಡುವುದರಲ್ಲಿ ಹಿಂದೆ. ಪೇಟೆಯಲ್ಲಿ ಕಾಟ ಕೊಡುವುದು ಏಣು ಹೆಚ್ಚಿರುವ ಬಗೆ. ಇಂದು ಆಫ್ರಿಕಾದಲ್ಲಿ ಸಿಕ್ಕಿದ್ದು ಯಾವ ಬಗೆ ಎಂದು ಪ್ರಯೋಗಾಲಯಗಳಲ್ಲಿ ಚರ್ಚೆ ನಡೆಯುವಾಗಲೆಲ್ಲ ಈ ಹೆಸರು ಬರುತ್ತದೆ. ಇದೇ ಬಿ.ಎ. ರಾವ್ 1928ರಲ್ಲಿ ಇಟಲಿಯಿಂದ ಗ್ಯಾಂಬೂಸಿಯಾ ಮೀನನ್ನು ಭಾರತಕ್ಕೆ ತಂದವರು. ಮರಿಹುಳ ತಿನ್ನುವ ಆ ಮೀನು ಇಂದಿಗೂ ಕರ್ನಾಟಕದ ಬಾವಿಗಳಲ್ಲಿದೆ. ಕೋಲಾರದ ಕಾಮಸಮುದ್ರದ ಕಡೆಯ ಹಳ್ಳಿಗಳಲ್ಲಿ ಬಾವಿಗೆ ಗಪ್ಪಿ, ಕೆರೆಗೆ ಗ್ಯಾಂಬೂಸಿಯಾ ಬಿಟ್ಟು ಮಲೇರಿಯಾ ಇಳಿಸಿದ ಕೆಲಸ ದೇಶದಲ್ಲಿ ಹೆಸರಾಯಿತು. ಆದರೆ ಒಂದು ಎಚ್ಚರಿಕೆ: ಈ ಎರಡೂ ಮೀನುಗಳು ಹೊರದೇಶದವು. ಕಟ್ಟಿದ ಬಾವಿಗೆ, ತೊಟ್ಟಿಗೆ ಬಿಡಿ. ಹೊಳೆಗೆ, ತೋಡಿಗೆ ಬಿಡಬೇಡಿ. ನಮ್ಮ ಪಶ್ಚಿಮ ಘಟ್ಟದ ತೊರೆಗಳಲ್ಲಿ ಇರುವ ಸಣ್ಣ ಮೀನುಗಳಲ್ಲಿ ಹಲವು ಬೇರೆಲ್ಲಿಯೂ ಇಲ್ಲದವು.

ಬಾವಿ ಎಂದಾಗ ಶ್ರೀಲಂಕಾ ನೆನಪಾಗುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಆ ದೇಶ ಮಲೇರಿಯಾಮುಕ್ತ ಎಂದು ಘೋಷಣೆಯಾಯಿತು. ಮೂರೇ ತಿಂಗಳಲ್ಲಿ, ಡಿಸೆಂಬರ್‌ನಲ್ಲಿ, ರಾಮೇಶ್ವರದ ಎದುರಿನ ಮನ್ನಾರ್‌ನಲ್ಲಿ ಸ್ಟೀಫನ್ಸೈ ಸಿಕ್ಕಿತು. ರೋಗಿ ಒಬ್ಬರೂ ಇಲ್ಲದಿರುವಾಗಲೂ ಅವರ ಕೀಟತಂಡ ನೀರು ನೋಡುವುದನ್ನು ನಿಲ್ಲಿಸಿರಲಿಲ್ಲ. ಜ್ವರ ಎದ್ದ ಮೇಲೆ ಸೊಳ್ಳೆ ಹುಡುಕಿದ ಡಿರೆ ಡಾವಾಕ್ಕೂ, ಜ್ವರವಿಲ್ಲದಾಗ ಸೊಳ್ಳೆ ಕಂಡ ಮನ್ನಾರ್‌ಗೂ ಇರುವ ಅಂತರವನ್ನು ದಯವಿಟ್ಟು ಗಮನಿಸಿ. ಹಣ ಕೊಡುವವರಿಗೆ ಈ ಅಂತರ ಅರ್ಥವಾಗುವುದು ತೀರಾ ಕಷ್ಟ. ಜ್ವರ ಇಳಿದ ವರ್ಷವೇ ಲಾರ್ವಾ ನೋಡುವವರ ಕೆಲಸಕ್ಕೆ ಮೊದಲ ಕತ್ತರಿ ಬೀಳುತ್ತದೆ.

ಇನ್ನು ನಮ್ಮ ಊರಿಗೆ ಬರೋಣ. 1990ರ ದಶಕದಲ್ಲಿ ಇಲ್ಲಿ ಕಟ್ಟಡಗಳು ಏಳತೊಡಗಿದ ಹಾಗೆ ಮಲೇರಿಯಾವೂ ಎದ್ದದ್ದನ್ನು ನಿಮ್ಮಲ್ಲಿ ಹಿರಿಯರು ಮೈಮೇಲೆ ಅನುಭವಿಸಿದ್ದೀರಿ. ಹಲವು ವರ್ಷ ರಾಜ್ಯದ ಮಲೇರಿಯಾದಲ್ಲಿ ದೊಡ್ಡ ಪಾಲು ಈ ಒಂದೇ ನಗರದ್ದು. 2015ರ ಅಕ್ಟೋಬರ್‌ನಲ್ಲಿ ಇಲ್ಲಿ ಆರೋಗ್ಯ ಕಾರ್ಯಕರ್ತರ ಕೈಗೆ ಟ್ಯಾಬ್ಲೆಟ್ ಬಂತು. ಪ್ರಯೋಗಾಲಯದಲ್ಲಿ ರಕ್ತದಲ್ಲಿ ಮಲೇರಿಯಾ ಕಂಡರೆ ಆ ವಿವರ ಆ ವಾರ್ಡಿನ ಕಾರ್ಯಕರ್ತರಿಗೆ ಹೋಗುತ್ತದೆ. ಅವರು ಮನೆಗೆ ಹೋಗಿ, ಸುತ್ತಲಿನ ನೀರು ನೋಡಿ, ಮಾಡಿದ್ದನ್ನು ನಕ್ಷೆಯ ಮೇಲೆ ಗುರುತು ಹಾಕಬೇಕು. ಕಾಗದದ ವರದಿ ವಾರಗಟ್ಟಲೆ ಮೇಜಿನ ಮೇಲೆ ಕುಳಿತಿರುತ್ತಿದ್ದ ಕಾಲ ಹೋಯಿತು. ಮುಂದಿನ ವರ್ಷಗಳಲ್ಲಿ ಪ್ರಕರಣಗಳು ಇಳಿದವು. ಆ ಟ್ಯಾಬ್ಲೆಟ್ಟಿನಲ್ಲಿ ಇನ್ನೊಂದು ಅಂಕಣ ಸೇರಬೇಕೆಂಬುದು ನನ್ನ ಆಸೆ: ಯಾವ ಸೊಳ್ಳೆ? ‘ಲಾರ್ವಾ ಇದೆ’, ‘ಲಾರ್ವಾ ಇಲ್ಲ’ ಎಂಬ ಎರಡೇ ಉತ್ತರಗಳಿರುವ ಕಡೆ ಹೊಸದೊಂದು ಬಂದರೆ ಅದಕ್ಕೆ ಬರೆದುಕೊಳ್ಳಲು ಜಾಗವೇ ಇಲ್ಲ.

ಇದು ಬಂದರಿನ ಊರು, ವಿಮಾನ ನಿಲ್ದಾಣದ ಊರು. ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ ಪ್ರಕಾರ ಇಂಥ ಜಾಗಗಳ ಸುತ್ತ ಕನಿಷ್ಠ 400 ಮೀಟರು ರೋಗ ಹರಡುವ ಕೀಟಗಳನ್ನು ಹತೋಟಿಯಲ್ಲಿ ಇಡಬೇಕು. ಭಾರತಕ್ಕೆ ಬರುವ ಕೆಲವು ದೇಶಗಳವರಿಂದ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರಲ್ಲ, ಅದೂ ಈ ಭಯದಿಂದಲೇ. ಹಳದಿ ಜ್ವರ ನಮ್ಮಲ್ಲಿ ಇಲ್ಲ, ಆದರೆ ಅದನ್ನು ಹರಡಬಲ್ಲ ಸೊಳ್ಳೆ ಈ ಮೊದಲ ಬಾಟಲಿಯಲ್ಲಿದೆ.

ರೋಗ ಒಂದು ಕಡೆಯಿಂದ, ಸೊಳ್ಳೆ ಇನ್ನೊಂದು ಕಡೆಯಿಂದ ಬಂದು ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಇಟಲಿ ಸಾಕ್ಷಿ. ಏಷ್ಯಾದ ಹುಲಿ ಸೊಳ್ಳೆ, ಈಡಿಸ್ ಆಲ್ಬೊಪಿಕ್ಟಸ್, ನಮ್ಮ ರಬ್ಬರು ತೋಟದ ಚಿಪ್ಪುಗಳಲ್ಲಿ ಇರುತ್ತದಲ್ಲ, ಅದು ಹಳೆಯ ಟೈರುಗಳಲ್ಲಿ ಕುಳಿತು 1990ರಲ್ಲಿ ಇಟಲಿ ಸೇರಿತ್ತು. ಅದರ ಮೊಟ್ಟೆ ನೀರಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ, ಮಳೆ ಬಿದ್ದರೆ ಒಡೆಯುತ್ತದೆ. 2006ರಲ್ಲಿ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಮಲಗಿಸಿದ ಚಿಕೂನ್‌ಗುನ್ಯ ಮರುವರ್ಷ ಕೇರಳದಲ್ಲಿ ಜೋರಾಗಿತ್ತು. ಅಲ್ಲಿಂದ ಹೋದ ಒಬ್ಬ ಪ್ರಯಾಣಿಕ ರವೆನ್ನಾ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಜ್ವರ ಬಂದು ಮಲಗಿದ. ಆ ಬೇಸಿಗೆಯಲ್ಲಿ ಸುತ್ತಲಿನ ಇನ್ನೂರಕ್ಕೂ ಹೆಚ್ಚು ಜನರಿಗೆ ಗಂಟು ಹಿಡಿಯಿತು. ಯುರೋಪಿನವರು ಅಲ್ಲಿಂದಾಚೆಗೆ ಕಣ್ಗಾವಲಿಗೆ ಜನರನ್ನೂ ಸೇರಿಸಿಕೊಂಡರು. ಸ್ಪೇನ್‌ನಲ್ಲಿ 2014ರಿಂದ ಸಾಮಾನ್ಯರು ಸೊಳ್ಳೆಯ ಫೋಟೊ ತೆಗೆದು ಮೊಬೈಲ್ ಆ್ಯಪ್‌ನಲ್ಲಿ ಕಳುಹಿಸುತ್ತಾರೆ, ತಜ್ಞರು ನೋಡಿ ಉತ್ತರಿಸುತ್ತಾರೆ. 2018ರಲ್ಲಿ ಆ ದೇಶದಲ್ಲಿ ಅದುವರೆಗೆ ಇರದಿದ್ದ ಈಡಿಸ್ ಜಪಾನಿಕಸ್ ಮೊದಲು ಕಂಡದ್ದು ಹಾಗೆ ಬಂದ ಒಂದು ಫೋಟೊದಲ್ಲಿ.

ನಮ್ಮಲ್ಲಿ ಆ ಕೆಲಸ ಆಶಾ ಕಾರ್ಯಕರ್ತೆಯರ ಹೆಗಲ ಮೇಲಿದೆ. ಟಾರ್ಚು ಹಿಡಿದು ಬಾಗಿಲು ತಟ್ಟಿದರೆ ‘ನಮ್ಮ ಮನೆಯಲ್ಲಿ ಸೊಳ್ಳೆ ಇಲ್ಲಮ್ಮಾ, ಮುಂದೆ ಹೋಗಿ’ ಎನ್ನುವವರೇ ಹೆಚ್ಚು. ದೊಡ್ಡ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿಯೇ ತಡೆಯುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಹುಳ ಸಿಕ್ಕ ಮನೆಗೆ ನಗರದಲ್ಲಿ 400 ರೂಪಾಯಿ, ಕಟ್ಟಡ ಕಟ್ಟುವ ಜಾಗಕ್ಕೆ 2,000 ರೂಪಾಯಿ ದಂಡ ಗೊತ್ತುಮಾಡಿತು. ಕೋಟಿಗಟ್ಟಲೆ ಸುರಿದು ಕಟ್ಟುವ ಕಟ್ಟಡಕ್ಕೆ 2,000 ರೂಪಾಯಿ ಲೆಕ್ಕಕ್ಕೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಅದರ ಬದಲು ವಾರಕ್ಕೊಮ್ಮೆ ನೀರು ನೋಡಿದ ದಾಖಲೆ ಇಲ್ಲದ ಕಟ್ಟಡಕ್ಕೆ ವಾಸದ ಪರವಾನಗಿ ತಡೆಹಿಡಿಯಲಿ. ಬಾಗಿಲು ತೆರೆಯುವುದು ನಿಮ್ಮ ಕೈಯಲ್ಲಿದೆ. ಬಂದ ಅಕ್ಕನನ್ನು ಮೇಲಿನ ಟ್ಯಾಂಕಿನವರೆಗೆ ಕರೆದುಕೊಂಡು ಹೋಗಿ, ಏಣಿ ಹಿಡಿದುಕೊಳ್ಳಿ.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು. ಆಮೇಲೆ ಮಕ್ಕಳು ಮೊದಲು ಮೇಜಿನ ಹತ್ತಿರ ಬರಲಿ, ಭೂತಗನ್ನಡಿ ಎರಡು ಇವೆ. ಎರಡನೆಯ ಬಾಟಲಿಯ ಮುಚ್ಚಳ ಮಾತ್ರ ಯಾರೂ ತೆಗೆಯಬೇಡಿ. ಅದರಲ್ಲಿ ಮರಿಹುಳಗಳ ಜೊತೆಗೆ ಅಲ್ಪವಿರಾಮದ ಆಕಾರದ ನಾಲ್ಕು ಪ್ಯೂಪಾ ಇವೆ. ಬೆಳಿಗ್ಗೆ ನೋಡಿದಾಗ ಮೈ ಕಪ್ಪಾಗಿತ್ತು. ಈ ರಾತ್ರಿಯೊಳಗೆ ಹಾರುತ್ತವೆ.